ರ‍್ಯಾಮ್ ತಿಂದದ್ದು ಯಾರು? ಫೈಲ್ ಸಿಸ್ಟಮ್‌ನಲ್ಲಿ ಮಾಯವಾದ ಮೆಮೊರಿಯನ್ನು ಹುಡುಕುವುದು ಹೀಗೆ

ಉಡುಪಿಯ ಕಲ್ಸಂಕದ ಹತ್ತಿರ ನನ್ನ ಭಾವನದ್ದೊಂದು ಫೋಟೋ ಸ್ಟುಡಿಯೋ ಉಂಟು. ಮದುವೆ, ಉಪನಯನ, ಯಕ್ಷಗಾನದ ಆಟ, ಎಲ್ಲದರ ಫೋಟೋಗಳೂ ಒಂದೇ ಕಂಪ್ಯೂಟರಿನಲ್ಲಿ. 8 ಜಿಬಿ ರ‍್ಯಾಮ್, ಡೆಬಿಯನ್ ಲಿನಕ್ಸ್. ವರ್ಷಗಟ್ಟಲೆ ತಕರಾರಿಲ್ಲದೆ ನಡೆದದ್ದು, ಮಳೆಗಾಲ ಮುಗಿದದ್ದೇ ತಡ, ಕೈಕೊಡಲು ಶುರು ಮಾಡಿತು. ನಾಲ್ಕೈದು ದಿನ ಚೆನ್ನಾಗಿ ಓಡುತ್ತದೆ. ಆಮೇಲೆ ಮೌಸ್ ಎಳೆದರೂ ಬರುವುದಿಲ್ಲ. ಫೋಟೋ ಎಡಿಟ್ ಮಾಡುವ ಪ್ರೋಗ್ರಾಮ್ ತಾನಾಗಿ ಮುಚ್ಚಿಹೋಗುತ್ತದೆ. ರೀಸ್ಟಾರ್ಟ್ ಮಾಡಿದರೆ ಮತ್ತೆ ಸರಿ.

"ಎಂತದು ಮಾರಾಯ, ರ‍್ಯಾಮ್ ಪೂರ್ತಿ ತುಂಬಿದೆ ಅಂತ ತೋರಿಸ್ತದೆ. ಇನ್ನೊಂದು ಹಾಕಿಸುವುದಾ?" ಎಂದು ಭಾವ ಫೋನ್ ಮಾಡಿದರು.

ನಾನು ಮಂಗಳೂರಿನಿಂದ ಹೋದೆ. ನೋಡಿದೆ. ಕ್ಯಾಶ್ ಎಂಬ ಅಂಕಣದಲ್ಲಿ 4.6 ಜಿಬಿ ಕಂಡಿತು. "ಇದು ಬರೀ ಕ್ಯಾಶ್ ಭಾವ, ಬೇಕಾದಾಗ ವಾಪಸ್ ಸಿಗ್ತದೆ, ಎಂತ ಹೆದರಬೇಡಿ" ಎಂದು ಚಹಾ ಕುಡಿದು ವಾಪಸ್ ಬಂದೆ. ಎರಡೇ ದಿನದಲ್ಲಿ ಮತ್ತೆ ಫೋನ್. ತಪ್ಪಿದ್ದು ನಾನೇ. ಲಿನಕ್ಸ್ ಬಲ್ಲವರು ಎಲ್ಲರೂ ಹೇಳುವ ಮಾತನ್ನೇ ನಾನೂ ಹೇಳಿದ್ದೆ, ಆದರೆ ಪಕ್ಕದ ಅಂಕಣ ನೋಡಿರಲಿಲ್ಲ. ನೀವು ಹಾಗೆ ಮಾಡಬಾರದು ಅಂತ ಈ ಲೇಖನ.

ಒಂದು ಸೂಚನೆ. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ. 'ಟೆಂಪ್' ಎಂದು ಇರುವಲ್ಲೆಲ್ಲ tmp, 'ಪ್ರಾಕ್' ಎಂದರೆ proc, 'ಸಿಸ್' ಎಂದರೆ sys, 'ಸಿಂಕ್' ಎಂದರೆ sync.

ಅಡುಗೆಕಟ್ಟೆ ಮತ್ತು ಉಗ್ರಾಣ

ದೊಡ್ಡ ಊಟದ ಅಡುಗೆಮನೆ ನೋಡಿದ್ದೀರಿ ಅಲ್ವಾ? ಹಿಂದೆ ಉಗ್ರಾಣ, ಮುಂದೆ ಅಡುಗೆಕಟ್ಟೆ. ಡಿಸ್ಕ್ ಎಂದರೆ ಉಗ್ರಾಣ, ರ‍್ಯಾಮ್ ಎಂದರೆ ಕಟ್ಟೆ. ಒಮ್ಮೆ ಉಗ್ರಾಣದಿಂದ ತಂದ ಬೇಳೆ ಡಬ್ಬಿಯನ್ನು ಅಡುಗೆಭಟ್ಟರು ಕೂಡಲೇ ವಾಪಸ್ ಇಡುವುದಿಲ್ಲ. ಕಟ್ಟೆಯ ಮೇಲೆ ಜಾಗ ಇದ್ದರೆ ಅಲ್ಲೇ ಇರಲಿ, ಮತ್ತೆ ಬೇಕಾಗಬಹುದು. ಜಾಗ ಬೇಕಾದಾಗ ಸರಿಸಿದರಾಯಿತು. ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ, ಅಂದರೆ ಫೈಲ್ ಸಿಸ್ಟಮ್, ಮಾಡುವುದೂ ಇದನ್ನೇ. ಓದಿದ ಫೈಲಿನ ಪುಟಗಳನ್ನು ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುತ್ತದೆ. ಇದಕ್ಕೆ ಪೇಜ್ ಕ್ಯಾಶ್ ಎನ್ನುತ್ತಾರೆ. ಆದ್ದರಿಂದ ಖಾಲಿ ರ‍್ಯಾಮ್ ಕಡಿಮೆ ಕಾಣುವುದು ರೋಗ ಅಲ್ಲ.

ಆದರೆ ಕಟ್ಟೆಯ ಮೇಲೆ ಇರುವುದೆಲ್ಲ ಬೇಳೆ ಡಬ್ಬಿ ಅಲ್ಲ. ಹೆಚ್ಚಿಟ್ಟ ತರಕಾರಿ ಉಂಟು, ಪಾತ್ರೆಗೆ ಹಾಕದೆ ತೆಗೆಯುವ ಹಾಗಿಲ್ಲ. ಉಗ್ರಾಣದಲ್ಲಿ ಜಾಗವೇ ಇಲ್ಲದ ಯಾರದ್ದೋ ಗಂಟುಮೂಟೆಯೂ ಇರಬಹುದು. ಯಾವುದು ಎಷ್ಟಿದೆ ಎಂದು ಬೇರೆ ಮಾಡುವುದೇ ನಮ್ಮ ಕೆಲಸ.

ಮೊದಲ ಹೆಜ್ಜೆ: ಸರಿಯಾದ ಅಂಕಣ ನೋಡುವುದು

'ಫ್ರೀ -ಎಚ್' ಕೊಡಿ. ಸ್ಟುಡಿಯೋದಲ್ಲಿ ಕಂಡದ್ದು ಇಷ್ಟು: ಟೋಟಲ್ 7.6, ಫ್ರೀ 0.4, ಶೇರ್ಡ್ 3.7, ಬಫ್-ಕ್ಯಾಶ್ 4.6, ಅವೈಲಬಲ್ 1.1 ಜಿಬಿ.

ನೋಡಬೇಕಾದ್ದು ಕೊನೆಯ ಅಂಕಣ, ಅವೈಲಬಲ್. ಸ್ವಾಪ್‌ಗೆ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್‌ನ ಜಾಗ) ಹೋಗದೆ ಹೊಸ ಪ್ರೋಗ್ರಾಮ್‌ಗಳಿಗೆ ಎಷ್ಟು ಸಿಗಬಹುದು ಎಂದು ಲಿನಕ್ಸ್‌ನ ತಿರುಳಾದ ಕರ್ನಲ್ಲೇ ಹಾಕಿಕೊಡುವ ಅಂದಾಜು ಅದು. 2014ರ 3.14 ಕರ್ನಲ್‌ನಿಂದ ಇದು ಸಿಗುತ್ತಿದೆ. ಯೂಸ್ಡ್ ಅಂಕಣದ ಬಗ್ಗೆ ಮಾತ್ರ ಜಾಗ್ರತೆ. ಫ್ರೀ ಕಮಾಂಡ್‌ನ ಹಳೆಯ ಆವೃತ್ತಿಗಳಲ್ಲಿ ಅದರ ಲೆಕ್ಕ ಒಂದು ಥರ. ಹೊಸದರಲ್ಲಿ ಟೋಟಲ್‌ನಿಂದ ಅವೈಲಬಲ್ ಕಳೆದು ತೋರಿಸುತ್ತದೆ. ಹಾಗಾಗಿ ಯೂಸ್ಡ್ ಮತ್ತು ಕ್ಯಾಶ್ ಕೂಡಿಸಿದರೆ ಒಟ್ಟು ರ‍್ಯಾಮ್‌ಗಿಂತ ಜಾಸ್ತಿ ಬರಬಹುದು. ಕಂಪ್ಯೂಟರ್ ಕೆಟ್ಟಿತು ಅಂದುಕೊಳ್ಳಬೇಡಿ.

ಈಗ ನನ್ನ ತಪ್ಪಿಗೆ ಬನ್ನಿ. ಕ್ಯಾಶ್ 4.6 ನಿಜವಾಗಿ ವಾಪಸ್ ಸಿಗುವಂಥದ್ದಾದರೆ ಅವೈಲಬಲ್ ಕೂಡ ಅದರ ಹತ್ತಿರ ಇರಬೇಕಿತ್ತು. ಇದ್ದದ್ದು 1.1. ಕ್ಯಾಶ್ ದೊಡ್ಡದು, ಅವೈಲಬಲ್ ಸಣ್ಣದು: ಈ ಜೋಡಿ ಕಂಡರೆ ಕ್ಯಾಶ್ ಲೆಕ್ಕದೊಳಗೆ ಬೇರೆ ಏನೋ ಕೂತಿದೆ ಎಂದರ್ಥ.

ಜೊತೆಗೆ 'ವಿಎಂಸ್ಟಾಟ್ 1' ಕೊಟ್ಟು ಅರ್ಧ ನಿಮಿಷ ನೋಡಿ. ಎಸ್‌ಐ, ಎಸ್‌ಒ ಎಂಬ ಅಂಕಣಗಳಲ್ಲಿ ಸೊನ್ನೆ ಬಿಟ್ಟು ಬೇರೆ ಸಂಖ್ಯೆಗಳು ಬರುತ್ತಲೇ ಇದ್ದರೆ ಸ್ವಾಪ್‌ಗೆ ಓಡಾಟ ನಡೆದಿದೆ. ಆಗ ಇದು ಬರೀ ಭ್ರಮೆ ಅಲ್ಲ, ನಿಜವಾದ ತೊಂದರೆ.

ಎರಡನೆಯದು: ಕರ್ನಲ್‌ನ ಡೈರಿ ಓದಿ

ಪ್ರೋಗ್ರಾಮ್ ತಾನಾಗಿ ಮುಚ್ಚಿದೆ ಎಂದರೆ ಬಹುಶಃ ಅದನ್ನು ಕೊಂದದ್ದು ಕರ್ನಲ್. ಮೆಮೊರಿ ಪೂರ್ತಿ ಮುಗಿದಾಗ ಯಾರಾದರೊಬ್ಬರನ್ನು ಬಲಿ ಕೊಡುವ ಈ ವ್ಯವಸ್ಥೆಯ ಹೆಸರು ಊಮ್ ಕಿಲ್ಲರ್. 'ಜರ್ನಲ್‌ಸಿಟಿಎಲ್ -ಕೆ' ಕೊಟ್ಟು 'ಔಟ್ ಆಫ್ ಮೆಮೊರಿ' ಎಂಬ ಸಾಲನ್ನು ಹುಡುಕಿ.

ಹೆಚ್ಚಿನವರು ಸತ್ತ ಪ್ರೋಗ್ರಾಮಿನ ಹೆಸರು ಓದಿ, ಅದೇ ಕಳ್ಳ ಎಂದು ತೀರ್ಮಾನಿಸುತ್ತಾರೆ. ಅದು ತಪ್ಪಾಗುವುದು ಜಾಸ್ತಿ. ಊಮ್ ಕಿಲ್ಲರ್ ಸಾಮಾನ್ಯವಾಗಿ ಆ ಹೊತ್ತಿಗೆ ಅತಿ ದೊಡ್ಡದಾಗಿರುವ ಪ್ರೋಗ್ರಾಮನ್ನು ಹಿಡಿಯುತ್ತದೆ. ತಿಂದವನು ಒಬ್ಬ, ಪೆಟ್ಟು ಬೀಳುವುದು ಇನ್ನೊಬ್ಬನಿಗೆ. ಆ ಸಾಲಿನ ಮೇಲ್ಗಡೆ ಬಿದ್ದಿರುವ ಉದ್ದದ ವರದಿಯಲ್ಲಿ ನಿಜವಾದ ಸುಳಿವು ಇರುತ್ತದೆ. ಶ್‌ಮೆಮ್, ಸ್ಲಾಬ್, ಡರ್ಟಿ ಎಂದು ಅಲ್ಲಿ ಬರೆದಿರುತ್ತದೆ, ಲೆಕ್ಕ ಪುಟಗಳಲ್ಲಿ. ಮಾಮೂಲಿ ಪಿಸಿಯಲ್ಲಿ ಒಂದು ಪುಟ 4 ಕಿಲೋಬೈಟ್. ಭಾವನ ಕಂಪ್ಯೂಟರಿನಲ್ಲಿ ಶ್‌ಮೆಮ್ ಎದುರು ಸುಮಾರು 9,70,000 ಇತ್ತು. ನಾಲ್ಕರಿಂದ ಗುಣಿಸಿ, 3.7 ಜಿಬಿ. ಫ್ರೀ ಕಮಾಂಡ್‌ನ ಶೇರ್ಡ್ ಅಂಕಣದಲ್ಲಿದ್ದ ಅದೇ ಸಂಖ್ಯೆ!

ಇದನ್ನು ನಾನು ಮೊದಲ ದಿನವೇ ಓದಬಹುದಿತ್ತು. ಓದಲಿಲ್ಲ. ಎರಡನೇ ಸಲ ಹೋದಾಗಲೂ ಮೊದಲು ಬೇರೆಯವರ ಮೇಲೆ ಅನುಮಾನಪಟ್ಟೆ.

ಲಕ್ಷಗಟ್ಟಲೆ ಸಣ್ಣ ಫೈಲ್‌ಗಳ ಗುಮಾನಿ

ಫೈಲಿನ ಒಳಗಿನ ಮಾಹಿತಿ ಮಾತ್ರ ಅಲ್ಲ, ಅದರ ಹೆಸರು, ದಾರಿ, ಯಜಮಾನ ಯಾರು ಎಂಬ ವಿವರವನ್ನೂ ಫೈಲ್ ಸಿಸ್ಟಮ್ ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುತ್ತದೆ. ಇವು ಡೆಂಟ್ರಿ ಮತ್ತು ಐನೋಡ್ ಕ್ಯಾಶ್‌ಗಳು. ಇರುವುದು ಸ್ಲಾಬ್ ಎಂಬ ಭಾಗದಲ್ಲಿ. ಇಎಕ್ಸ್‌ಟಿ4 ಫೈಲ್ ಸಿಸ್ಟಮ್‌ನಲ್ಲಿ ಒಂದು ಐನೋಡ್‌ಗೆ ಹೆಚ್ಚುಕಡಿಮೆ 1 ಕಿಲೋಬೈಟ್, ಒಂದು ಡೆಂಟ್ರಿಗೆ 192 ಬೈಟ್. ಹತ್ತು ಲಕ್ಷ ಫೈಲ್ ಮುಟ್ಟಿದರೆ 1.2 ಜಿಬಿ ಹೋಯಿತು. ರಾತ್ರಿ ಬ್ಯಾಕಪ್ ಓಡಿದರೆ ಅದು ಮುಟ್ಟದ ಫೈಲೇ ಇಲ್ಲ. ಸ್ಟುಡಿಯೋದಲ್ಲೂ ಬ್ಯಾಕಪ್ ರಾತ್ರಿಯೇ ಓಡುತ್ತಿತ್ತು. ಸಿಕ್ಕಿಬಿದ್ದ ಅಂದುಕೊಂಡೆ.

'ಸ್ಲಾಬ್‌ಟಾಪ್ -ಎಸ್ ಸಿ' ಅಂತ ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ ಕೊಟ್ಟರೆ ದೊಡ್ಡದು ಮೇಲೆ ಬರುವ ಹಾಗೆ ಪಟ್ಟಿ ಸಿಗುತ್ತದೆ. ಜೊತೆಗೆ 'ಕ್ಯಾಟ್ /ಪ್ರಾಕ್/ಮೆಮ್‌ಇನ್ಫೋ' ಕೊಟ್ಟು ಎಸ್-ರಿಕ್ಲೇಮಬಲ್, ಎಸ್-ಅನ್‌ರಿಕ್ಲೇಮ್ ಎಂಬ ಎರಡು ಸಾಲು ನೋಡಿ. ಮೊದಲನೆಯದು ಎಷ್ಟಿದ್ದರೂ ತಲೆಬಿಸಿ ಬೇಡ, ಒತ್ತಡ ಬಂದಾಗ ಕರ್ನಲ್ ಬಿಟ್ಟುಕೊಡುತ್ತದೆ. ಎರಡನೆಯದು ದಿನದಿಂದ ದಿನಕ್ಕೆ ಏರುತ್ತಲೇ ಹೋದರೆ ಮಾತ್ರ ಯಾವುದೋ ಡ್ರೈವರ್ ಅಥವಾ ಕರ್ನಲ್‌ನಲ್ಲೇ ಸೋರಿಕೆ ಇರಬಹುದು. ಆಗ ಮೊದಲು ಕರ್ನಲ್ ಅಪ್‌ಡೇಟ್ ಮಾಡಿ ನೋಡಿ. ಭಾವನಲ್ಲಿ ಎರಡೂ ಸೇರಿ ಅರ್ಧ ಜಿಬಿ ಕೂಡ ಇರಲಿಲ್ಲ. ಬ್ಯಾಕಪ್ ಪಾಪ, ನಿರಪರಾಧಿ.

ಕ್ಯಾಶ್ ಖಾಲಿ ಮಾಡಿ ನೋಡುವ ಪರೀಕ್ಷೆ

ಮೊದಲು 'ಸಿಂಕ್' ಕೊಡಿ. ಆಮೇಲೆ ರೂಟ್ ಆಗಿ '/ಪ್ರಾಕ್/ಸಿಸ್/ವಿಎಂ/ಡ್ರಾಪ್_ಕ್ಯಾಶಸ್' ಎಂಬ ಫೈಲಿಗೆ ಎಕೋ ಮೂಲಕ 3 ಎಂದು ಬರೆಯಿರಿ. 1 ಎಂದರೆ ಪೇಜ್ ಕ್ಯಾಶ್, 2 ಎಂದರೆ ಡೆಂಟ್ರಿ ಮತ್ತು ಐನೋಡ್, 3 ಎಂದರೆ ಎರಡೂ. ಡೇಟಾ ಹೋಗುವುದಿಲ್ಲ. ಈಗ ಮತ್ತೆ ಫ್ರೀ ನೋಡಿ. ಕ್ಯಾಶ್ ಪಾತಾಳಕ್ಕೆ ಇಳಿದರೆ ಅದು ನಿಜವಾದ ಕ್ಯಾಶ್. ಇಳಿಯದೆ ಉಳಿದದ್ದೇ ನಮ್ಮ ಗಂಟುಮೂಟೆ. ಸ್ಟುಡಿಯೋದಲ್ಲಿ 4.6 ಇದ್ದದ್ದು 3.8ಕ್ಕೆ ಬಂದು ನಿಂತಿತು.

ಇದನ್ನು ಪರೀಕ್ಷೆಗೆ ಮಾತ್ರ ಬಳಸಿ. ಹೇಳಿದ ಹೊತ್ತಿಗೆ ತಾನಾಗಿ ಕೆಲಸ ಮಾಡುವ ಕ್ರಾನ್‌ನಲ್ಲಿ ಹಾಕಿ ಗಂಟೆಗೊಮ್ಮೆ ಓಡಿಸುವವರನ್ನು ನೋಡಿದ್ದೇನೆ. ಕಟ್ಟೆಯ ಮೇಲಿನ ಡಬ್ಬಿಗಳನ್ನೆಲ್ಲ ಗಂಟೆಗೊಮ್ಮೆ ಉಗ್ರಾಣಕ್ಕೆ ಹೊತ್ತು ಹಾಕಿದರೆ ಅಡುಗೆ ತಡವಾಗುವುದು ಬಿಟ್ಟು ಬೇರೆ ಪ್ರಯೋಜನ ಇಲ್ಲ.

ಗಂಟುಮೂಟೆ ಬಿಚ್ಚಿದಾಗ

ಶೇರ್ಡ್ ಅಥವಾ ಶ್‌ಮೆಮ್ ಜಾಸ್ತಿ ಇದ್ದರೆ ಕಾರಣ ಸಾಮಾನ್ಯವಾಗಿ ಎರಡರಲ್ಲಿ ಒಂದು. ಡೇಟಾಬೇಸ್‌ನಂಥ ಪ್ರೋಗ್ರಾಮ್‌ಗಳು ಹಂಚಿಕೊಳ್ಳುವ ಮೆಮೊರಿ, ಇಲ್ಲವೇ ಟೆಂಪ್‌ಎಫ್‌ಎಸ್. ಈ ಎರಡನೆಯದು ರ‍್ಯಾಮ್‌ನಲ್ಲೇ ಬದುಕುವ ಫೈಲ್ ಸಿಸ್ಟಮ್. ನೋಡಲು ಮಾಮೂಲಿ ಫೋಲ್ಡರ್, ಆದರೆ ಅದರ ಹಿಂದೆ ಡಿಸ್ಕ್ ಇಲ್ಲ. ಜಾಗ ಸಾಲದಾಗ ಅದನ್ನು ಸ್ವಾಪ್‌ಗೆ ತಳ್ಳಬಹುದು ಅಷ್ಟೆ, ಎಸೆಯುವ ಹಾಗಿಲ್ಲ. ಭಾವನ ಸ್ವಾಪ್ ಸಣ್ಣದು, ಅದೂ ತುಂಬಿತ್ತು. ಮಿತಿ ಹೇಳದಿದ್ದರೆ ಒಂದು ಟೆಂಪ್‌ಎಫ್‌ಎಸ್ ಅರ್ಧ ರ‍್ಯಾಮ್‌ವರೆಗೆ ಬೆಳೆಯಬಹುದು.

'ಡಿಎಫ್ -ಎಚ್ -ಟಿ ಟೆಂಪ್‌ಎಫ್‌ಎಸ್' ಕೊಟ್ಟೆ. '/ಟೆಂಪ್' ಫೋಲ್ಡರಿನಲ್ಲಿ 3.6 ಜಿಬಿ! 'ಡಿಯು -ಎಸ್‌ಎಚ್' ಕೊಟ್ಟು ಒಳಗೆ ನೋಡಿದರೆ ಮದುವೆಗಳ ಮೆರವಣಿಗೆ. ಗ್ರಾಹಕರಿಗೆ ಕಳಿಸಲು ಫೋಟೋಗಳನ್ನು ಸಣ್ಣದು ಮಾಡುವ ಒಂದು ಸ್ಕ್ರಿಪ್ಟ್ ಇತ್ತು. ಅದು ಪ್ರತಿ ಆಲ್ಬಮ್‌ನ ಪ್ರತಿಗಳನ್ನು /ಟೆಂಪ್‌ನಲ್ಲಿ ಮಾಡಿಟ್ಟು, ಕಳಿಸಿ, ಅಳಿಸಲು ಮರೆಯುತ್ತಿತ್ತು. ಡಿಎಫ್ ಜಾಸ್ತಿ ತೋರಿಸಿ ಡಿಯು ಕಡಿಮೆ ತೋರಿಸಿದರೆ, ಅಳಿಸಿದ ಫೈಲನ್ನು ಯಾವುದೋ ಪ್ರೋಗ್ರಾಮ್ ಇನ್ನೂ ತೆರೆದಿಟ್ಟಿದೆ ಎಂದು ತಿಳಿಯಿರಿ. ಅದನ್ನು 'ಎಲ್‌ಎಸ್‌ಒಎಫ್ +ಎಲ್1' ಹಿಡಿದುಕೊಡುತ್ತದೆ, ಎರಡನೇ ಎಲ್ ಮಾತ್ರ ದೊಡ್ಡಕ್ಷರ.

ಯಾವ ಪ್ರೋಗ್ರಾಮ್ ಎಷ್ಟು ಮೆಮೊರಿ ಹಿಡಿದಿದೆ ಎಂದು ತೋರಿಸುವ ಟಾಪ್ ಕಮಾಂಡ್‌ನಲ್ಲಿ ಯಾರ ಮೇಲೂ ದೂರು ಇರಲಿಲ್ಲ ಯಾಕೆ ಎಂದು ಆಗ ಅರ್ಥವಾಯಿತು. ಈ ಫೈಲ್‌ಗಳು ಯಾವ ಪ್ರೋಗ್ರಾಮಿನ ಲೆಕ್ಕಕ್ಕೂ ಬರುವುದಿಲ್ಲ. ಸ್ಕ್ರಿಪ್ಟ್ ಮುಗಿದು ಹೋಗಿದೆ, ಸಾಮಾನು ಉಳಿದಿದೆ. ಊಮ್ ಕಿಲ್ಲರ್ ಯಾರನ್ನು ಕೊಂದರೂ ಆ 3.6 ಜಿಬಿಯಲ್ಲಿ ಒಂದು ಬೈಟ್ ಕೂಡ ಬಿಡುಗಡೆ ಆಗುವುದಿಲ್ಲ.

ಹಾಗಾದರೆ ಇಷ್ಟು ವರ್ಷ ಯಾಕೆ ಆಗಲಿಲ್ಲ? ಎರಡು ಸಂಗತಿ ಒಟ್ಟಿಗೆ ಬಂದಿದ್ದವು. 2025ರ ಆಗಸ್ಟ್‌ನಲ್ಲಿ ಡೆಬಿಯನ್ 13 ಬಂತು. ಅದರಲ್ಲಿ /ಟೆಂಪ್ ಮಾಮೂಲಾಗಿ ಟೆಂಪ್‌ಎಫ್‌ಎಸ್. ಮೊದಲು ಡಿಸ್ಕ್‌ನಲ್ಲಿ ಇರುತ್ತಿದ್ದ ಕಸ ಅಪ್‌ಗ್ರೇಡ್ ಆದ ಮೇಲೆ ರ‍್ಯಾಮ್‌ಗೆ ಬಂತು. ಆದರೂ ಮಳೆಗಾಲದಲ್ಲಿ ಗೊತ್ತಾಗಲಿಲ್ಲ. ಗುಡುಗಿಗೊಮ್ಮೆ ಕರೆಂಟ್ ಹೋಗಿ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತಿತ್ತು, ರ‍್ಯಾಮ್ ತಾನಾಗಿ ತೊಳೆದು ಹೋಗುತ್ತಿತ್ತು. ಆಮೇಲೆ ಭಾವ ಒಳ್ಳೆಯ ಇನ್ವರ್ಟರ್ ಹಾಕಿಸಿದರು!

ಇನ್ನಿಬ್ಬರು ಆರೋಪಿಗಳು

ನಿಮ್ಮಲ್ಲಿ ಶೇರ್ಡ್ ಕಡಿಮೆಯೇ ಇದ್ದರೆ ಇವರನ್ನೂ ವಿಚಾರಿಸಿ.

ಒಬ್ಬ ಡರ್ಟಿ ಪೇಜ್, ಅಂದರೆ ಹೆಚ್ಚಿಟ್ಟ ತರಕಾರಿ. ಪೆನ್‌ಡ್ರೈವ್‌ಗೆ ಆಲ್ಬಮ್ ಕಾಪಿ ಮಾಡುವಾಗ ಪರದೆಯಲ್ಲಿ ಬೇಗ 100 ಶೇಕಡಾ ಬರುತ್ತದೆ, ಆದರೆ ಡೇಟಾ ಇನ್ನೂ ರ‍್ಯಾಮ್‌ನಲ್ಲೇ ಇರುತ್ತದೆ. ಮೆಮ್‌ಇನ್ಫೋದಲ್ಲಿ ಡರ್ಟಿ ಮತ್ತು ರೈಟ್‌ಬ್ಯಾಕ್ ಸಾಲು ನೋಡಿ. ಸಿಗಬಹುದಾದ ಮೆಮೊರಿಯ 20 ಶೇಕಡಾ ದಾಟಿದರೆ ಬರೆಯುವ ಪ್ರೋಗ್ರಾಮ್‌ಗಳನ್ನು ಕರ್ನಲ್ ತಡೆದು ನಿಲ್ಲಿಸುತ್ತದೆ. ಇಡೀ ಸಿಸ್ಟಮ್ ಹ್ಯಾಂಗ್ ಆದ ಹಾಗೆ ಕಾಣುವುದು ಆಗಲೇ. 'ಡರ್ಟಿ_ರೇಷಿಯೋ' ಎಂಬ ಸೆಟ್ಟಿಂಗ್ ಇಳಿಸಿದರೆ ಸುಧಾರಿಸುತ್ತದೆ.

ಇನ್ನೊಬ್ಬ ಜಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್. ಮನೆಯಲ್ಲಿ ನಾಲ್ಕು ಡಿಸ್ಕ್ ಜೋಡಿಸಿ ಸರ್ವರ್ ಮಾಡಿಕೊಂಡವರಿಗೆ ಇದು ಗೊತ್ತು. ಅದಕ್ಕೆ ಆರ್ಕ್ ಎಂಬ ಸ್ವಂತ ಕ್ಯಾಶ್ ಉಂಟು. ಲಿನಕ್ಸ್‌ನಲ್ಲಿ ಅದು ಬಫ್-ಕ್ಯಾಶ್‌ನಲ್ಲಿ ಕಾಣುವುದಿಲ್ಲ, ಯೂಸ್ಡ್ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಯಾವ ಪ್ರೋಗ್ರಾಮೂ ತಿನ್ನದೆ ರ‍್ಯಾಮ್ ಮಾಯವಾದಂತೆ ತೋರುತ್ತದೆ. 'ಆರ್ಕ್_ಸಮರಿ' ಕೊಟ್ಟರೆ ಎಷ್ಟು ಹಿಡಿದಿದೆ ಎಂದು ಹೇಳುತ್ತದೆ. ಮಿತಿ ಹಾಕಲು 'ಜಡ್‌ಎಫ್‌ಎಸ್_ಆರ್ಕ್_ಮ್ಯಾಕ್ಸ್' ಉಂಟು, ಬೆಲೆ ಬೈಟ್‌ಗಳಲ್ಲಿ ಕೊಡಬೇಕು. 2 ಜಿಬಿಗೆ 2147483648.

ಮದ್ದು

ಸ್ಟುಡಿಯೋದಲ್ಲಿ ಮಾಡಿದ್ದು ಸಣ್ಣ ಕೆಲಸ. ಸ್ಕ್ರಿಪ್ಟ್‌ನ ತಾತ್ಕಾಲಿಕ ಜಾಗವನ್ನು ಡಿಸ್ಕ್‌ನಲ್ಲಿರುವ '/ವಾರ್/ಟೆಂಪ್'ಗೆ ಬದಲಾಯಿಸಿದೆ, ಕೊನೆಯಲ್ಲಿ ಅಳಿಸುವ ಒಂದು ಸಾಲು ಸೇರಿಸಿದೆ. /ಟೆಂಪನ್ನೇ ಪೂರ್ತಿ ಡಿಸ್ಕ್‌ಗೆ ಮರಳಿಸಬೇಕಾದರೆ 'ಸಿಸ್ಟಮ್‌ಸಿಟಿಎಲ್ ಮಾಸ್ಕ್ ಟೆಂಪ್.ಮೌಂಟ್' ಕೊಟ್ಟು ರೀಬೂಟ್ ಮಾಡಿದರಾಯಿತು. ನಾನು ಅದನ್ನು ಮಾಡಲಿಲ್ಲ. ಸಣ್ಣಪುಟ್ಟ ಫೈಲ್‌ಗಳಿಗೆ ರ‍್ಯಾಮ್ ಒಳ್ಳೆಯದೇ.

ಹತ್ತು ನಿಮಿಷಕ್ಕೊಮ್ಮೆ ಮೆಮ್‌ಇನ್ಫೋವನ್ನು ಸಮಯದ ಜೊತೆ ಒಂದು ಫೈಲಿಗೆ ಬರೆಯುವ ಕ್ರಾನ್ ಸಾಲನ್ನೂ ಹಾಕಿ ಬಂದೆ. ಆ ಫೈಲನ್ನು /ಟೆಂಪ್‌ನಲ್ಲಿ ಇಡಬೇಡಿ, ಮತ್ತೆ! ಮೂರು ವಾರ ಬಿಟ್ಟು ಅದನ್ನು ತರಿಸಿ ನೋಡಿದೆ. ಒಂದೇ ಒಂದು ರೀಸ್ಟಾರ್ಟ್ ಇಲ್ಲ. ಶೇರ್ಡ್ 0.2 ದಾಟಿಲ್ಲ, ಅವೈಲಬಲ್ 4 ಜಿಬಿಗಿಂತ ಕೆಳಗೆ ಇಳಿದಿಲ್ಲ. ಭಾವ ರ‍್ಯಾಮ್‌ಗೆ ಅಂತ ತೆಗೆದಿಟ್ಟ ದುಡ್ಡಿನಲ್ಲಿ ಬ್ಯಾಕಪ್‌ಗೆ ಇನ್ನೊಂದು ಡಿಸ್ಕ್ ತಂದಿದ್ದಾರೆ.