ಮಲ್ಟಿಪ್ಯಾಕ್ಟಿಂಗ್ ದಾಟಲು ನಾನು ಮಾಡಿದ್ದು

ಆಕ್ಸಿಲರೇಟರ್ ಕ್ಯಾವಿಟಿಗೆ (ಕಣಗಳ ವೇಗ ಹೆಚ್ಚಿಸುವ ಲೋಹದ ಪೊಳ್ಳು ಪೆಟ್ಟಿಗೆ) 325 ಮೆಗಾಹರ್ಟ್ಸ್‌ನಲ್ಲಿ ರೇಡಿಯೋ ಪವರ್ ಕೊಡುವ ಕಪ್ಲರ್ ಅದು. ತಾಮ್ರದ ಕೋಆಕ್ಸಿಯಲ್ ಲೈನ್ (ಕೊಳವೆಯೊಳಗೆ ಇನ್ನೊಂದು ಕಂಡಕ್ಟರ್), ನಡುವೆ ಪವರ್ ಬಿಟ್ಟು ಗಾಳಿ ತಡೆಯುವ ಅಲ್ಯೂಮಿನಾ ಸೆರಾಮಿಕ್ ಕಿಟಕಿ. 5 ಕಿಲೋವ್ಯಾಟ್ ತನಕ ಸಲೀಸಾಗಿ ಏರಿತು. ಅಲ್ಲಿಂದಾಚೆ ವ್ಯಾಕ್ಯೂಮ್ ಕೆಡಲು ಶುರುವಾಯಿತು, 10⁻⁸ ಮಿಲಿಬಾರ್ ಇದ್ದದ್ದು 10⁻⁶ ಮುಟ್ಟಿ ಇಂಟರ್‌ಲಾಕ್ ಪವರ್ ನಿಲ್ಲಿಸಿತು. ಮತ್ತೆ ಏರಿಸಿದೆ, ಅಲ್ಲೇ ಟ್ರಿಪ್. ಎಲೆಕ್ಟ್ರಾನ್ ಪಿಕಪ್ ಪ್ರೋಬ್‌ನಲ್ಲೂ ಅದೇ ಹೊತ್ತಿಗೆ ಕರೆಂಟ್ ಕಾಣಿಸಿತು. ಅಲ್ಲಿಗೆ ಲೀಕ್ ಅಲ್ಲ, ಮಲ್ಟಿಪ್ಯಾಕ್ಟಿಂಗ್ ಅಂತ ಖಾತ್ರಿಯಾಯಿತು.

ಒಳಗೆ ಆಗುವುದಿಷ್ಟೇ. ಒಂದು ಎಲೆಕ್ಟ್ರಾನ್ ಗೋಡೆಗೆ ಬಡಿದಾಗ ಅದರ ಶಕ್ತಿ ಹದವಾಗಿದ್ದರೆ ಒಂದಕ್ಕಿಂತ ಜಾಸ್ತಿ ಎಲೆಕ್ಟ್ರಾನ್‌ಗಳು ಹೊರಬರುತ್ತವೆ, ಸುಮಾರು 1.5 ನ್ಯಾನೋಸೆಕೆಂಡಿಗೊಮ್ಮೆ ಲೈನಿನೊಳಗಿನ ವಿದ್ಯುತ್ ಕ್ಷೇತ್ರದ ದಿಕ್ಕು ತಿರುಗುತ್ತಲೇ ಇರುತ್ತದೆ, ಅದರ ತಾಳಕ್ಕೆ ಸರಿಯಾಗಿ ಅವೂ ಓಡಿ ಎದುರು ಗೋಡೆಗೋ ಅದೇ ಗೋಡೆಗೋ ಬಡಿದು ಇನ್ನಷ್ಟನ್ನು ಎಬ್ಬಿಸುತ್ತವೆ. ಶಕ್ತಿ ಕಡಿಮೆಯಾದರೆ ಹೊಸ ಎಲೆಕ್ಟ್ರಾನ್ ಸಾಕಷ್ಟು ಬರುವುದಿಲ್ಲ. ತೀರಾ ಹೆಚ್ಚಾದರೆ ಬಡಿದದ್ದು ಆಳಕ್ಕೆ ಇಳಿದುಬಿಡುತ್ತದೆ, ಅಲ್ಲಿ ಎದ್ದವು ಹೊರಗೆ ಬರಲಾರವು. ಹಾಗಾಗಿ ತೊಂದರೆ ಕೆಲವು ಪವರ್ ಪಟ್ಟಿಗಳಲ್ಲಿ ಮಾತ್ರ. ಕೋಆಕ್ಸಿಯಲ್ ಲೈನಿನ ವ್ಯಾಸ ಎರಡು ಪಟ್ಟಾದರೆ ಈ ಪಟ್ಟಿ 16 ಪಟ್ಟು ಪವರ್‌ಗೆ ಜರುಗುತ್ತದೆ. ಡಿಸೈನ್ ಮಾಡುವವರು ಇದನ್ನು ಮೊದಲೇ ನೋಡಿಕೊಂಡರೆ ನಮ್ಮಂಥವರ ಎಷ್ಟೋ ರಾತ್ರಿಗಳು ಉಳಿಯುತ್ತವೆ.

ಪಟ್ಟಿ ಅಂದಮೇಲೆ ಬೇಗ ದಾಟಿಬಿಡೋಣ ಅನ್ನಿಸುತ್ತದೆ ಅಲ್ವಾ? ನಾನೂ ಮೊದಲ ದಿನ ಹಾಗೇ ನುಗ್ಗಿದೆ. ಅದು ತಪ್ಪು. ಎಲೆಕ್ಟ್ರಾನ್‌ಗಳ ಆ ಬಡಿತವೇ ಮೇಲ್ಮೈಗೆ ಅಂಟಿದ ನೀರು, ಗ್ಯಾಸ್ ಎಲ್ಲವನ್ನೂ ಕಿತ್ತು ಹಾಕುತ್ತದೆ. ಬಡಿದ ಒಂದೊಂದು ಎಲೆಕ್ಟ್ರಾನ್‌ಗೆ ಸುಮಾರು 2 ಎಲೆಕ್ಟ್ರಾನ್ ಬಿಡುತ್ತಿದ್ದ ತಾಮ್ರ ಹೀಗೆ ಬಡಿಸಿಕೊಂಡು 1.2ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಪಟ್ಟಿಯೊಳಗೆ ನಿಲ್ಲುವುದೇ ಕೆಲಸ.

ಎರಡನೇ ದಿನ 20 ಮೈಕ್ರೋಸೆಕೆಂಡ್ ಪಲ್ಸ್‌ನಿಂದ ಶುರು ಮಾಡಿದೆ. ಒತ್ತಡ ಟ್ರಿಪ್ ಮಟ್ಟದ ಅರ್ಧಕ್ಕೆ ಬಂದರೆ ಪವರ್ ಅಲ್ಲೇ ಹಿಡಿದು ಕಾಯುವುದು, ಇಳಿದ ಮೇಲೆ ಒಂದು ಚೂರು ಏರಿಸುವುದು. ಮೇಲೆ ಹೋದಮೇಲೆ ಮತ್ತೆ ಸೊನ್ನೆಗೆ ಬಂದು, ಪಲ್ಸ್ ಉದ್ದ ಮಾಡಿ, ಅದೇ ದಾರಿ. ಒಳ ಕಂಡಕ್ಟರ್‌ಗೆ ಡಿಸಿ ಬಯಾಸ್ (ಸ್ಥಿರ ವೋಲ್ಟೇಜ್) ಕೊಟ್ಟರೆ ತಾಳ ತಪ್ಪಿ ಎಲ್ಲ ತಣ್ಣಗಾಗುತ್ತದೆ ನಿಜ, ಆದರೆ ಮೇಲ್ಮೈ ಹಾಗೇ ಉಳಿಯುತ್ತದೆ, ಅದಕ್ಕೇ ಈ ಕಂಡೀಷನಿಂಗ್ (ಬಡಿಸಿ ಬಡಿಸಿ ಮೇಲ್ಮೈ ಹದಕ್ಕೆ ತರುವುದು) ಮುಗಿಯುವ ತನಕ ನಾನು ಬಯಾಸ್ ಮುಟ್ಟಲಿಲ್ಲ.

ಮೂರು ರಾತ್ರಿ ಹಿಡಿಯಿತು. ಆಮೇಲೆ ಒಂದು ಗ್ಯಾಸ್ಕೆಟ್ ಬದಲಿಸಲು ಗಾಳಿಗೆ ತೆರೆಯಬೇಕಾಯಿತು, 5 ಕಿಲೋವ್ಯಾಟ್‌ನಲ್ಲಿ ಅದೇ ಗಲಾಟೆ ಮತ್ತೆ ಬಂತು. ಆ ಸಲ ನಾಲ್ಕು ಗಂಟೆಯಲ್ಲಿ ಅಡಗಿತು.