ಸೆರಗಿನ ಕೊಂಡಿ ತೋರಿಸಿದ ಮೇಲೆ ಫೋನಿನಲ್ಲೇ ಹೋದವು ಇಳಕಲ್ ಸೀರೆಗಳು: ನನ್ನ ಅನುಭವ

ಫೋನಿನಲ್ಲಿ ಸೀರೆ ಮಾರಲು ಹೊರಟ ಮಗ್ಗದ ಮನೆಯವರು, ಸಣ್ಣ ಅಂಗಡಿಯವರು ನನ್ನನ್ನು ಮೊದಲು ಕೇಳುವುದು ಒಂದೇ ಮಾತು: ಫಾಲೋವರ್ಸ್ ಎಷ್ಟಿದ್ದಾರೆ? ಇನ್‌ಸ್ಟಾಗ್ರಾಂನಲ್ಲಿ ಹನ್ನೊಂದು ಸಾವಿರದ ಆಸುಪಾಸು ಇದ್ದಾರೆ. ಆದರೆ ನಮ್ಮ ಮನೆ ನಡೆಯುತ್ತಿರುವುದು ಅವರಿಂದಲ್ಲ, ನನ್ನ ವಾಟ್ಸಾಪ್ ನಂಬರ್ ಸೇವ್ ಮಾಡಿಕೊಂಡಿರುವ ಸುಮಾರು ಒಂಬೈನೂರು ಹೆಣ್ಣುಮಕ್ಕಳಿಂದ. ಈ ಬರಹದಲ್ಲಿ ನಾನು ಹೇಳುವುದೆಲ್ಲ ಆ ಒಂಬೈನೂರು ಮಂದಿಯ ಕಥೆಯೇ.

ಇಳಕಲ್‌ನಲ್ಲಿ ನಮ್ಮದು ಮಾವನವರ ಕಾಲದಿಂದ ಬಂದ ವ್ಯವಹಾರ. ನೂಲು ನಾವು ಕೊಡುತ್ತೇವೆ, ಎಂಟು ಮನೆಗಳಲ್ಲಿ ಕುಣಿ (ಗುಂಡಿ) ಮಗ್ಗದ ಮೇಲೆ ನೇಯುತ್ತಾರೆ, ಮಜೂರಿ ಕೊಟ್ಟು ಸೀರೆ ತರುತ್ತೇವೆ. ಮುಂಚೆ ಎಲ್ಲವೂ ವ್ಯಾಪಾರಸ್ಥರ ಕೈಗೆ ಹೋಗುತ್ತಿತ್ತು. 2020ರ ಲಾಕ್‌ಡೌನ್‌ನಲ್ಲಿ ಮದುವೆ ನಿಂತವು, ಜಾತ್ರೆ ನಿಂತವು, ಹಳೇ ಬಾಕಿಯೂ ಬರಲಿಲ್ಲ. ಕಪಾಟಿನಲ್ಲಿ ನೂರೈವತ್ತರ ಮೇಲೆ ಸೀರೆ ಕೂತಿತ್ತು. ಫೋನಿನಲ್ಲಿ ಮಾರೋಣ ಅಂದೆ. ಮಾವನವರು, "ಸೀರಿ ಅಂದ್ರ ಕೈಯಾಗ ಹಿಡದು ನೋಡಬೇಕವಾ. ಫೋಟೋ ನೋಡಿ ಯಾರು ಮೂರ ಸಾವಿರ ಕೊಡ್ತಾರ?" ಅಂದರು. ಮೈದುನ ಕಡ್ಡಿ ಮುರಿದ ಹಾಗೆ ಹೇಳಿದ: "ವೈನಿ, ಆರನೂರ ರೂಪಾಯಿಗೆ ಇಳಕಲ್ ಸೀರಿ ಅಂತ ಆನ್‌ಲೈನಿನ್ಯಾಗ ಸಿಗತೈತಿ. ನಿಮ್ಮದು ಯಾರು ಕೇಳ್ತಾರ?"

ಮೈದುನ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕರೆಂಟಿನ ಮಗ್ಗದ ಪವರ್‌ಲೂಮ್ ಸೀರೆ ಆರೇಳು ನೂರಕ್ಕೆ ಸಿಗುತ್ತದೆ. ದಡಿಯಲ್ಲಿ ಅದೇ ಗೋಮಿ, ಅದೇ ಪರಾಸ್ ಚಿತ್ತಾರ, ಸೆರಗಿನಲ್ಲಿ ಅದೇ ಕೆಂಪು ಬಿಳಿ ಟೋಪ ತೆನಿ ಚಿತ್ತಾರ. ಫೋಟೋದಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟರೆ ಬೆಂಗಳೂರಿನಲ್ಲಿ ಕೂತವರಿಗೆ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಮೊದಲ ಒಂದೂವರೆ ವರ್ಷ ನಮ್ಮ ಹಣ ಹೋಗಿದ್ದೆಲ್ಲ ಇದೇ ಕಾರಣಕ್ಕೆ.

ಎಲ್ಲಿ ಹೋಯಿತು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇವತ್ತಿಗೂ ಹೊಸಬರು ಅಲ್ಲಿಗೇ ಹಣ ಹಾಕುತ್ತಿದ್ದಾರೆ. ಹುಬ್ಬಳ್ಳಿಯಿಂದ ಫೋಟೋಗ್ರಾಫರ್ ಕರೆಸಿ, ಒಬ್ಬ ಹುಡುಗಿಗೆ ಸೀರೆ ಉಡಿಸಿ, ಬಾದಾಮಿಯ ಕೆರೆಯ ದಂಡೆಯಲ್ಲಿ ಫೋಟೋ ತೆಗೆಸಿದೆವು. ಹದಿನಾಲ್ಕು ಸಾವಿರದಷ್ಟು ಆಯಿತು. ಫೋಟೋ ಬಹಳ ಚೆನ್ನಾಗಿ ಬಂದವು. "ಪ್ರೈಸ್ ಪ್ಲೀಸ್" ಅಂತ ನೂರಾರು ಜನ ಕೇಳಿದರು, ಬೆಲೆ ಹೇಳಿದ ಕೂಡಲೇ ಸುಮ್ಮನಾದರು. ಆಮೇಲೆ ದುಡ್ಡು ಕೊಟ್ಟು ಜಾಹೀರಾತು ಓಡಿಸಿದೆ, ಶ್ರಾವಣದಿಂದ ದೀಪಾವಳಿವರೆಗೆ ಒಂಬತ್ತು ಸಾವಿರದ ಹತ್ತಿರ. ಮೆಸೇಜ್ ಮಾಡಿದವರಲ್ಲಿ ಬಹಳಷ್ಟು ಜನ ನಮಗೇ ಸೀರೆ ಮಾರಲು ಬಂದ ಪವರ್‌ಲೂಮ್ ವ್ಯಾಪಾರಿಗಳು. ಲಕ್ಷಗಟ್ಟಲೆ ಫಾಲೋವರ್ಸ್ ಇರುವ ಒಬ್ಬರಿಗೆ ಎರಡು ಒಳ್ಳೆಯ ಸೀರೆ, ಮೇಲೆ ಐದು ಸಾವಿರ ಕೊಟ್ಟೆವು. ರೀಲ್ ನೋಡಿದವರು ಎರಡು ಲಕ್ಷದ ಹತ್ತಿರ, ಮಾರಿದ್ದು ಮೂರೋ ನಾಲ್ಕೋ ಸೀರೆ. ಒಂದು ಆನ್‌ಲೈನ್ ಮಾರಾಟ ತಾಣದಲ್ಲಿ ಕ್ಯಾಶ್ ಆನ್ ಡೆಲಿವರಿ ಇಟ್ಟು ನೋಡಿದೆವು. ಫಾಲ್ ಹೊಲಿದು, ಒಂದು ಸಮಾರಂಭಕ್ಕೆ ಉಟ್ಟು, ಅರಿಶಿನದ ಕಲೆ ಸಮೇತ ವಾಪಸ್ ಕಳಿಸಿದವರಿದ್ದಾರೆ. ಹೋಗಿ ಬರುವ ಕೊರಿಯರ್ ಖರ್ಚು ನಮ್ಮ ತಲೆಗೆ. ಎಲ್ಲ ಕೂಡಿಸಿದರೆ ಐವತ್ತು ಸಾವಿರಕ್ಕೆ ಸ್ವಲ್ಪ ಕಡಿಮೆ. ಆ ಹಣದಲ್ಲಿ ಎರಡು ಮಗ್ಗಕ್ಕೆ ಬಹಳ ದಿನದ ನೂಲು ಬರುತ್ತಿತ್ತು.

ದಾರಿ ಸಿಕ್ಕಿದ್ದು ಧಾರವಾಡದ ಒಬ್ಬ ಟೀಚರ್ ಅವರಿಂದ. "ಕೈಮಗ್ಗದ್ದು ಅಂತ ಹೆಂಗ ನಂಬೂದ್ರಿ ಅಕ್ಕಾರ?" ಅಂತ ಕೇಳಿದರು. ನಾನು ಉತ್ತರ ಬರೆಯುವ ಬದಲು ಸೀರೆಯನ್ನು ತಿರುವಿ ಹಾಕಿ, ಒಡಲು ಮುಗಿದು ಸೆರಗು ಶುರುವಾಗುವ ಕಡೆ ಫೋನ್ ಹಿಡಿದು, ಅಲ್ಲಿ ಎರಡರ ಎಳೆಗಳು ಕೂಡುವ ಕೊಂಡಿಯನ್ನು ವಿಡಿಯೋ ಮಾಡಿ ಕಳಿಸಿದೆ. ಅದೇ ಸಂಜೆ ಅವರು ಹಣ ಹಾಕಿದರು. ವಿಡಿಯೋ ಅವರ ಸ್ಟಾಫ್ ರೂಮಿನ ಗ್ರೂಪಿಗೆ ಹೋಯಿತು. ಆ ವಾರ ಅದೇ ಊರಿನಿಂದ ಇನ್ನೂ ಐದಾರು ಜನ ತೆಗೆದುಕೊಂಡರು.

ಕೊಂಡಿ ಅಂದರೆ ಏನು ಅಂತ ನಮ್ಮವರಿಗೆ ಹೇಳಬೇಕಾಗಿಲ್ಲ. ಒಡಲಿನ ಹಾಸು (ಉದ್ದಕ್ಕೆ ಹೂಡುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ, ಒಂದೊಂದು ಎಳೆಯನ್ನೂ ಒಂದಕ್ಕೊಂದು ಸಿಕ್ಕಿಸಿ ಕೂಡಿಸಬೇಕು. ಅದಕ್ಕೇ ಒಂದು ಸೀರೆಗೆ ಒಂದು ಹಾಸು. ಅಗ್ಗದ ಪವರ್‌ಲೂಮ್ ಸೀರೆಯಲ್ಲಿ ಒಡಲಿನ ಹಾಸೇ ಸೆರಗಿಗೂ ಮುಂದುವರಿದಿರುತ್ತದೆ, ಅದಕ್ಕೇ ಸೆರಗಿನ ಕೆಂಪು ಮಂಕಾಗಿ ಕಾಣುತ್ತದೆ. ಇಷ್ಟು ದೊಡ್ಡ ಸಾಕ್ಷಿ ನಮ್ಮ ಸೀರೆಯ ಮೈಮೇಲೇ ಇದೆ. ನಾವು ಅದನ್ನು ಬಿಟ್ಟು ದೂರದಿಂದ ಕೆರೆ, ಗುಡ್ಡ ತೋರಿಸುತ್ತಿದ್ದೆವು.

ವಿಡಿಯೋ ತೆಗೆಯುವ ರೀತಿ ಹೇಳುತ್ತೇನೆ. ಬೆಳಿಗ್ಗೆ ಎಂಟರಿಂದ ಒಂಬತ್ತರೊಳಗೆ, ಕಟ್ಟೆಯ ಮೇಲೆ ನೆರಳಿರುವಾಗ. ಬಿಸಿಲು ನೇರ ಬೀಳಬಾರದು, ಟ್ಯೂಬ್‌ಲೈಟ್ ಬೇಡ. ಫೋನ್ ಸೀರೆಯಿಂದ ಒಂದು ಗೇಣಿಗಿಂತ ಕಡಿಮೆ ದೂರದಲ್ಲಿರಲಿ. ಮೊದಲು ಉಲ್ಟಾ ಬದಿ. ಕೊಂಡಿಯ ಗೆರೆಯ ಮೇಲೆ ಹೆಬ್ಬೆರಳಿನ ಉಗುರನ್ನು ನಿಧಾನ ಎಳೆಯುತ್ತೇನೆ. ಅಲ್ಲಿ ಸಣ್ಣ ಉಬ್ಬು ಇರುತ್ತದೆ, ಉಗುರು ಅದಕ್ಕೆ ತಗುಲಿ ಹಾರುವುದು ಸ್ಕ್ರೀನಿನಲ್ಲೂ ಕಾಣುತ್ತದೆ. ಕೈಯಲ್ಲಿ ಹಿಡಿಯದೆ ಯಾರೂ ಕೊಳ್ಳುವುದಿಲ್ಲ ಅಂತ ಮಾವನವರು ಹೇಳಿದ್ದು ಸರಿಯೇ ಇತ್ತು. ಆ ಮುಟ್ಟುವ ಕೆಲಸವನ್ನು ಗಿರಾಕಿಯ ಪರವಾಗಿ ನನ್ನ ಉಗುರು ಮಾಡುತ್ತದೆ. ಆಮೇಲೆ ಸೀದಾ ಬದಿ, ದಡಿ, ಸೆರಗಿನ ತುದಿ. ಎಲ್ಲ ಸೇರಿ ಇಪ್ಪತ್ತು ಸೆಕೆಂಡಿನ ಸುಮಾರು. ಹಾಡು ಹಾಕುವುದಿಲ್ಲ, ನನ್ನದೇ ದನಿ: ಇದು ಎಷ್ಟು ವಾರದ್ದು (ಗಜದ್ದು), ಒಡಲು ಹತ್ತಿಯೋ ರೇಷ್ಮೆಯೋ, ಸೆರಗು ಶುದ್ಧ ರೇಷ್ಮೆಯೋ ಆರ್ಟ್ ಸಿಲ್ಕೋ (ಕೃತಕ ರೇಷ್ಮೆಯೋ), ಬೆಲೆ ಎಷ್ಟು. ಆರ್ಟ್ ಸಿಲ್ಕ್ ಇದ್ದರೆ ಆರ್ಟ್ ಸಿಲ್ಕ್ ಅಂತಲೇ ಹೇಳುತ್ತೇನೆ. ಇದರಲ್ಲಿ ಒಬ್ಬರು ಮೋಸ ಮಾಡಿದರೆ ಊರಿನ ಎಲ್ಲ ಮಗ್ಗಕ್ಕೂ ಹೊಡೆತ. ವಿಡಿಯೋದ ಮೂಲೆಯಲ್ಲಿ ನಂಬರ್ ಬರೆದಿರಲೇಬೇಕು. ಫಾರ್ವರ್ಡ್ ಆಗಿ ಆಗಿ ಯಾರಿಗೋ ತಲುಪಿದಾಗ ಅದು ಎಲ್ಲಿಂದ ಬಂತು ಅಂತ ಬೇರೆ ಗುರುತು ಉಳಿದಿರುವುದಿಲ್ಲ.

ಬಣ್ಣದ ಗೋಳು ಎಲ್ಲರಿಗೂ ಗೊತ್ತು. ಗಿರಿ ಕುಂಕುಮ ಒಂದು ಫೋನಿನಲ್ಲಿ ಕಿತ್ತಳೆ, ಇನ್ನೊಂದರಲ್ಲಿ ಮರೂನ್. ದಾಳಿಂಬೆ ಕೆಂಪು ಅಂತೂ ಕೇಳಬೇಡಿ. ನಾನು ಸೀರೆಯ ಪಕ್ಕದಲ್ಲಿ ಒಂದು ಪಾರ್ಲೆ-ಜಿ ಪ್ಯಾಕೆಟ್ ಇಡುತ್ತೇನೆ. ಆ ಹಳದಿ, ಆ ಕೆಂಪು ಅಕ್ಷರ ಎಲ್ಲರ ಮನೆಯಲ್ಲೂ ಇರುತ್ತದೆ. "ನಿಮ್ಮ ಮನೆಯ ಪ್ಯಾಕೆಟ್ ಸ್ಕ್ರೀನಿನ ಪಕ್ಕ ಹಿಡಿದು ನೋಡಿ, ಫೋನ್ ಎಷ್ಟು ಬಣ್ಣ ಬದಲಿಸುತ್ತಿದೆ ಗೊತ್ತಾಗುತ್ತದೆ" ಅನ್ನುತ್ತೇನೆ. ಬಣ್ಣದ ತಕರಾರು ತಿಂಗಳಿಗೆ ಏಳೆಂಟು ಬರುತ್ತಿದ್ದದ್ದು ಈಗ ಒಂದೋ ಎರಡೋ.

ವಾಟ್ಸಾಪ್‌ಗೆ ಬರುತ್ತೇನೆ. ಬಿಸಿನೆಸ್ ಆ್ಯಪ್, ಕ್ಯಾಟಲಾಗ್, ಲೇಬಲ್ ಎಲ್ಲ ನೀವು ಬಳಸುತ್ತಿರುತ್ತೀರಿ. ಅದರಲ್ಲಿ ಹೆಚ್ಚು ಜನ ಬಿಡುವುದು ಒಂದನ್ನೇ: ಗಿರಾಕಿ ನಮ್ಮ ನಂಬರ್ ಸೇವ್ ಮಾಡಿಕೊಳ್ಳದಿದ್ದರೆ ನಮ್ಮ ಬ್ರಾಡ್‌ಕಾಸ್ಟ್ (ಪಟ್ಟಿಯಲ್ಲಿರುವ ಎಲ್ಲರಿಗೂ ಒಮ್ಮೆಲೇ ಕಳಿಸುವ ಮೆಸೇಜ್) ಅವರಿಗೆ ತಲುಪುವುದಿಲ್ಲ, ಸ್ಟೇಟಸ್ ಕಾಣುವುದಿಲ್ಲ. ಹಾಗಾಗಿ ಬೆಲೆ ಕೇಳಿದವರಿಗೆ ನನ್ನ ಮೊದಲ ಉತ್ತರದಲ್ಲೇ ಬೆಲೆಯ ಜೊತೆ "ನಂಬರ್ ಸೇವ್ ಮಾಡ್ಕೊಳ್ರಿ, ಹೊಸ ಸೀರೆ ಮೊದಲು ನಿಮಗೇ ಕಾಣ್ತಾವ" ಅಂತ ಇರುತ್ತದೆ. ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನ. ನನ್ನ ಹತ್ತಿರ ಅಂಥ ನಾಲ್ಕು ಪಟ್ಟಿ: ಆರು ವಾರದವರು, ಒಂಬತ್ತು ವಾರ ಉಡುವ ಹಿರಿಯರು ಮತ್ತು ಅವರಿಗಾಗಿ ಕೊಳ್ಳುವ ಮಕ್ಕಳು, ಬೆಂಗಳೂರಿನ ಕೆಲಸದ ಹೆಣ್ಣುಮಕ್ಕಳು, ಮಹಾರಾಷ್ಟ್ರದವರು. ಎಲ್ಲರಿಗೂ ಎಲ್ಲವನ್ನೂ ಕಳಿಸಿದರೆ ಬ್ಲಾಕ್ ಮಾಡುತ್ತಾರೆ. ವಾರಕ್ಕೆ ಎರಡಕ್ಕಿಂತ ಹೆಚ್ಚು ಬ್ರಾಡ್‌ಕಾಸ್ಟ್ ಕಳಿಸುವುದಿಲ್ಲ.

ಸ್ಟೇಟಸ್ ಮಾತ್ರ ದಿನಾ. ಮಧ್ಯಾಹ್ನ ಊಟ ಮುಗಿಯುವ ಹೊತ್ತಿಗೆ ಎರಡು ಸೀರೆ, ರಾತ್ರಿ ಒಂಬತ್ತಕ್ಕೆ ಎರಡು. ಬೆಲೆ ಮೇಲೇ ಬರೆದಿರುತ್ತದೆ. ಬೆಲೆ ಮುಚ್ಚಿಟ್ಟು "ಮೆಸೇಜ್ ಮಾಡಿ" ಅನ್ನುವವರ ಲೆಕ್ಕಾಚಾರ ನನಗೆ ಒಪ್ಪಿಗೆಯಿಲ್ಲ. ಬೆಲೆ ನೋಡಿ ಬಂದವರು ಅರ್ಧ ಮನಸ್ಸು ಮಾಡಿಯೇ ಬಂದಿರುತ್ತಾರೆ. ಮಾರಾಟವಾದ ಸೀರೆಯನ್ನು ತೆಗೆಯದೆ "ಹೋಯಿತು" ಅಂತ ಬರೆದು ಮತ್ತೆ ಹಾಕುತ್ತೇನೆ. ಒಂದು ಹಾಸಿನಲ್ಲಿ ಒಂದೇ ಸೀರೆ, ಅದೇ ಬಣ್ಣದ ಜೋಡಿ ಮತ್ತೆ ಸಿಗುವುದು ತಡ ಅಂತ ಆಗ ಜನರಿಗೆ ತಾನಾಗಿ ಅರ್ಥವಾಗುತ್ತದೆ. ಸೀರೆ ತಲುಪಿದ ಮೇಲೆ ಎಷ್ಟನೇ ದಿನಕ್ಕೆ ಯಾವ ಮಾತು ಕೇಳುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಎರಡನೇ ಸಲ ಕೊಳ್ಳುವವರಲ್ಲಿ ಅರ್ಧ ಜನ ಆ ಒಂದು ಮಾತಿನಿಂದ ಬರುತ್ತಾರೆ, ಅದು ನಮ್ಮ ಮನೆಯಲ್ಲೇ ಇರಲಿ.

ಹಣದ ಲೆಕ್ಕ. ಹತ್ತಿ ಒಡಲು, ರೇಷ್ಮೆ ಸೆರಗಿನ ಸೀರೆಗೆ ವ್ಯಾಪಾರಸ್ಥರು ಕೊಡುತ್ತಿದ್ದದ್ದು ಇಪ್ಪತ್ತೆರಡು ನೂರು, ಅದೂ ಮೂರು ತಿಂಗಳ ಉದ್ದರಿ. ನಾನು ಮೂವತ್ತೆರಡು ನೂರಕ್ಕೆ ಕೊಡುತ್ತೇನೆ, ಪೂರ್ತಿ ಹಣ ಮೊದಲೇ. ಕೊರಿಯರ್ ನೂರರಿಂದ ನೂರಾ ಐವತ್ತು, ಪ್ಯಾಕಿಂಗ್ ಮೂವತ್ತು. ಮಗ್ಗದವರಿಗೆ ಸೀರೆಗೆ ನೂರೈವತ್ತು ಮಜೂರಿ ಹೆಚ್ಚಿಸಿದ್ದೇವೆ. ಇದನ್ನು ಮಾಡದೆ ಯಾರೂ ಈ ದಾರಿಗೆ ಇಳಿಯಬೇಡಿ, ವಿಡಿಯೋದಲ್ಲಿ ತೋರಿಸುವ ಕೊಂಡಿ ಹಾಕುವ ಕೈ ಅವರದು. ಅಷ್ಟೆಲ್ಲ ಕಳೆದು ಸೀರೆಗೆ ಮೊದಲಿಗಿಂತ ಆರೇಳು ನೂರು ಹೆಚ್ಚು ಉಳಿಯುತ್ತದೆ. ಸೀಜನ್‌ನಲ್ಲಿ ತಿಂಗಳಿಗೆ ನಲವತ್ತು ನಲವತ್ತೈದು, ಆಷಾಢದಲ್ಲಿ ಹದಿನೈದಿಪ್ಪತ್ತು. ಬಿಟ್ಟು ಹೋಗಿದ್ದ ಒಂದು ಮಗ್ಗದ ಮನೆಯವರು ವಾಪಸ್ ಬಂದಿದ್ದಾರೆ. ಮಾವನವರೇ ಈಗ ಬೆಳಿಗ್ಗೆ ಸೀರೆ ಆರಿಸಿ ಇಟ್ಟು, "ಇದರ ಕೊಂಡಿ ಚಲೋ ಕುಂತೈತಿ, ಇದನ್ನ ಹಾಕವಾ" ಅನ್ನುತ್ತಾರೆ.

ಎರಡು ಎಚ್ಚರಿಕೆ. ಹಣ ಹಾಕಿದೆ ಅಂತ ಬರುವ ಸ್ಕ್ರೀನ್‌ಶಾಟ್ ನೋಡಿ ಸೀರೆ ಕಳಿಸಬೇಡಿ, ಬ್ಯಾಂಕ್ ಖಾತೆ ತೆರೆದು ನೋಡಿ. ಇನ್ನೊಂದು, ಮೊದಲ ದಿನದಿಂದಲೇ ಪ್ರತಿ ಸೀರೆಗೆ ಬಿಲ್ ಬರೆಯಿರಿ, ಮನೆಯ ಖಾತೆ ಬೇರೆ, ವ್ಯಾಪಾರದ ಖಾತೆ ಬೇರೆ ಇಡಿ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದಾಗ ಎಷ್ಟೋ ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತುಹಾಕಿದರು. ನಮ್ಮ ಬಿಲ್ ಪುಸ್ತಕ ಇದ್ದುದರಿಂದ ನಾನು ಆ ತಿಂಗಳೂ ನೆಮ್ಮದಿಯಿಂದ ಮಾರಿದೆ. ಹೊರರಾಜ್ಯಕ್ಕೆ ಕಳಿಸುವ ಮುಂಚೆ ಜಿಎಸ್‌ಟಿ ವಿಷಯ ತಿಳಿದವರನ್ನು ಕೇಳಿಕೊಳ್ಳಿ.

ನಡುವೆ ಬೇರೆ ಬೇರೆ ಮಾಡಿ ನೋಡಿದ್ದೂ ಇದೆ. ಯೂಟ್ಯೂಬ್‌ನಲ್ಲಿ ಕೊಂಡಿ ಹಾಕುವುದನ್ನು ಪೂರ್ತಿ ಅರ್ಧ ಗಂಟೆ ತೋರಿಸಿದೆ. ನೋಡಿದವರು ಕಡಿಮೆ, ಆದರೆ ನೋಡಿದವರು ಶುದ್ಧ ರೇಷ್ಮೆಯ ದುಬಾರಿ ಸೀರೆಯನ್ನೇ ಕೇಳಿಕೊಂಡು ಬಂದರು. ಫೇಸ್‌ಬುಕ್ ಲೈವ್‌ನಲ್ಲಿ ಎರಡು ಗಂಟೆಗೆ ಆರು ಸೀರೆ ಹೋದವು, ಮೊದಲೇ ಪಟ್ಟಿಯಲ್ಲಿದ್ದವರೇ ಕೊಂಡರು, ಬಿಟ್ಟೆ. ಗುಳೇದಗುಡ್ಡ ಖಣವನ್ನು (ರವಿಕೆ ಬಟ್ಟೆ) ಸೀರೆಯ ಜೊತೆ ಜೋಡಿ ಮಾಡಿ ಇಟ್ಟದ್ದು ಬಹಳ ಒಳ್ಳೆಯದಾಯಿತು, ಮೂವರಲ್ಲಿ ಒಬ್ಬರು ಖಣ ಸೇರಿಸಿಯೇ ಕೊಳ್ಳುತ್ತಾರೆ. ಅಮೆರಿಕದ ಕನ್ನಡದವರು ಕೇಳುತ್ತಾರೆ, ಒಂದು ಸೀರೆಗೆ ಕಳಿಸುವ ಖರ್ಚು ಹೊರೆಯಾಗುತ್ತದೆ. ನಾಲ್ಕೈದು ಗೆಳತಿಯರು ಕೂಡಿ ತರಿಸಿಕೊಂಡರೆ ಮಾತ್ರ ಕಳಿಸುತ್ತೇನೆ.

ಎಲ್ಲಕ್ಕಿಂತ ಫಲ ಕೊಟ್ಟದ್ದು ಮಹಾರಾಷ್ಟ್ರದ ಪಟ್ಟಿ. ಅಲ್ಲಿ ನಮ್ಮ ಸೀರೆಯನ್ನು ಇರಕಲ್ ಅಂತ ಹುಡುಕುತ್ತಾರೆ, ಹಾಗಾಗಿ ರೀಲ್‌ನ ಹ್ಯಾಶ್‌ಟ್ಯಾಗ್‌ನಲ್ಲಿ ಆ ಹೆಸರೂ ಇರಬೇಕು. ನಮ್ಮ ಓಣಿಗೆ ಸೊಲ್ಲಾಪುರದಿಂದ ಬಂದ ಸೊಸೆಯೊಬ್ಬಳಿದ್ದಾಳೆ, ಅವಳ ದನಿಯಲ್ಲಿ ಮರಾಠಿ ವಿಡಿಯೋ ಮಾಡಿಸುತ್ತೇನೆ, ಮಾರಾಟವಾದ ಸೀರೆಗೆ ನೂರು ರೂಪಾಯಿ ಅವಳಿಗೆ. ಸಂಕ್ರಾಂತಿಗೆ ಅವರು ಕಪ್ಪು ಸೀರೆ ಉಡುತ್ತಾರೆ. ಕಳೆದ ಸಲ ಕೆಂಪು ದಡಿಯ ಚಂದ್ರಕಾಳಿ (ಕಪ್ಪು) ಸೀರೆ ಹತ್ತಿರಹತ್ತಿರ ಮೂವತ್ತು ಇದ್ದವು, ಡಿಸೆಂಬರ್ ಮುಗಿಯುವ ಮೊದಲೇ ಖಾಲಿ, ಆಮೇಲೂ ಕೇಳುತ್ತಲೇ ಇದ್ದರು. ಈ ಸಲ ದಸರೆ ಮುಗಿದ ಕೂಡಲೇ ಮೂರು ಮಗ್ಗದ ಮೇಲೆ ಬರೀ ಕಪ್ಪು ಹಾಸು ಹೂಡಿಸುತ್ತಿದ್ದೇನೆ. ಮುಂಗಡ ಕೊಟ್ಟು ಹೆಸರು ಬರೆಸಿದವರು ಈಗಾಗಲೇ ಹದಿನೆಂಟೋ ಇಪ್ಪತ್ತೋ ಆಗಿದ್ದಾರೆ.