ಹಳೆಯ ಲಿಥಿಯಂ ಬ್ಯಾಟರಿಗೆ ಹೊಸದನ್ನು ಜೋಡಿಸಿದ ನನ್ನ ಅನುಭವ

ಈ ಸಲ ಕಕ್ಕಡದಲ್ಲಿ, ಅಂದರೆ ನಮ್ಮ ಕೊಡಗಿನ ಜೋರು ಮಳೆಯ ತಿಂಗಳಲ್ಲಿ, ನಾಲ್ಕು ದಿನ ಕರೆಂಟ್ ಲೈನ್ ಇರಲಿಲ್ಲ. ನಾಪೋಕ್ಲು ಕಡೆಯ ಮಳೆಗಾಳಿ ಗೊತ್ತಲ್ಲ, ಒಂದು ಸಿಲ್ವರ್ ಮರ ತಂತಿಯ ಮೇಲೆ ಒರಗಿದರೆ ಸಾಕು. ಆದರೂ ಸೋಲಾರ್ ಇನ್ವರ್ಟರಿಗೆ ಜೋಡಿಸಿದ ಎರಡು ಲಿಥಿಯಂ ಪ್ಯಾಕ್‌ಗಳಿಂದಾಗಿ ನಮ್ಮ ಫ್ರಿಜ್ ಒಂದು ಗಂಟೆಯೂ ನಿಲ್ಲಲಿಲ್ಲ. ಕಕ್ಕಡ 18ರ ಮದ್ದು ಸೊಪ್ಪಿನ ಪಾಯಸ ಇಂಡಕ್ಷನ್ ಒಲೆಯ ಮೇಲೆಯೇ ಕುದಿಯಿತು. 'ಹಳೆಯದಕ್ಕೂ ಹೊಸದಕ್ಕೂ ಹೊಂದುವುದಿಲ್ಲ, ದುಡ್ಡು ಹೊಳೆಗೆ ಹಾಕಿದಿರಿ' ಎಂದವರಿಗೂ ಒಂದೊಂದು ಲೋಟ ಕೊಟ್ಟೆ.

ಹಳೆಯದು 16 ಸೆಲ್‌ಗಳ 51.2 ವೋಲ್ಟ್, 100 ಆಂಪ್‌ಅವರ್ ಪ್ಯಾಕ್. ನೀರು ಹಾಕುವ ಟ್ಯೂಬ್ಯುಲರ್ ಬ್ಯಾಟರಿಗಳನ್ನು ತೆಗೆದು ಅದನ್ನು ಕೂರಿಸಿದಾಗ 1,20,000 ರೂಪಾಯಿಯ ಹತ್ತಿರ ಕೊಟ್ಟ ನೆನಪು. ಮೂರು ವರ್ಷದ ನಂತರ ಅದೇ ಅಳತೆಯ ಇನ್ನೊಂದನ್ನು ಸುಮಾರು 80,000ಕ್ಕೆ ತಂದೆ. ತಂದ ಸಂಜೆಯೇ ಹಳೆಯದಕ್ಕೆ ಸಮಾನಾಂತರವಾಗಿ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಜೋಡಿಸಿದ್ದು ಮೊದಲ ತಪ್ಪು. ಹಳೆಯದು ತುಂಬಿತ್ತು, ಹೊಸದು ಅಂಗಡಿಯಿಂದ ಅರ್ಧ ಚಾರ್ಜಿನಲ್ಲಿ ಬಂದಿತ್ತು. ತಂತಿಯ ತುದಿಯ ಲಗ್ (ಬೋಲ್ಟಿಗೆ ಕೂರುವ ಲೋಹದ ಬಳೆ) ತಾಗಿಸಿದ ಕೂಡಲೇ ಕಿಡಿ ಹಾರಿತು, ಎರಡರ ಬಿಎಂಎಸ್ಸೂ (ಪ್ಯಾಕಿನೊಳಗಿನ ಕಾವಲು ಸರ್ಕ್ಯೂಟ್) ಟ್ರಿಪ್ ಆಯಿತು. ಮರುದಿನ ಒಂದೊಂದನ್ನೇ ಬೇರೆಬೇರೆಯಾಗಿ ತುಂಬಿಸಿದೆ. ಒಂದು ರಾತ್ರಿ ಸುಮ್ಮನೆ ಬಿಟ್ಟು, ವ್ಯತ್ಯಾಸ 0.1 ವೋಲ್ಟಿಗಿಂತ ಕಡಿಮೆ ಇರುವುದನ್ನು ನೋಡಿಕೊಂಡು ಸೇರಿಸಿದೆ. ಕಿಡಿ ಬರಲಿಲ್ಲ.

ಜೂನ್‌ನಲ್ಲಿ ಎರಡನೆಯ ತೊಂದರೆ. ಪಂಪು, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ ಒಟ್ಟಿಗೆ ಬಂದರೆ ಮನೆಯೇ ಕತ್ತಲು. ಮೆಕ್ಯಾನಿಕ್ ಬಂದು, 'ಸಾರ್, ಹೊಸ ಪ್ಯಾಕ್ ಕೆಟ್ಟಿದೆ, ವಾಪಸು ಕಳುಹಿಸಿ' ಎಂದು 1,500 ರೂಪಾಯಿ ಪಡೆದು ಹೋದರು. ನನಗೆ ಒಪ್ಪಿಗೆಯಾಗಲಿಲ್ಲ. 60 ಆಂಪ್ ಲೋಡ್ ಹಾಕಿ, ತಂತಿಯಲ್ಲಿ ಹರಿಯುವ ಕರೆಂಟ್ ತೋರಿಸುವ ಕ್ಲಾಂಪ್ ಮೀಟರ್ ಹಿಡಿದೆ. ಹಳೆಯದರಿಂದ 47, ಹೊಸದರಿಂದ 13. ಒಂದೊಂದು ಪ್ಯಾಕಿನ ಮಿತಿ 50 ಆಂಪ್. ಲೋಡ್ ಇನ್ನೂ ಹೆಚ್ಚಿ ಹಳೆಯದು ಆ ಮಿತಿ ದಾಟಿ ಟ್ರಿಪ್ ಆದರೆ ಪೂರ್ತಿ ಭಾರ ಇನ್ನೊಂದರ ತಲೆಗೆ, ಅದೂ ಬೀಳುತ್ತದೆ. ಹಾಗಾದರೆ ಹೊಸದು ಯಾಕೆ ಕೊಡುತ್ತಿಲ್ಲ? ಲೋಡ್ ಇರುವಾಗಲೇ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಹೊಸ ಪ್ಯಾಕಿನ ಬೋಲ್ಟಿನ ಮೇಲೂ ಇನ್ನೊಂದನ್ನು ತಂತಿಯ ತಾಮ್ರದ ಮೇಲೂ ಇಟ್ಟೆ. ಒಂದೆರಡು ಮಿಲಿವೋಲ್ಟ್ ಇರಬೇಕಾದಲ್ಲಿ 400ರ ಹತ್ತಿರ! ಮೇಲಿನ ಪ್ಲಾಸ್ಟಿಕ್ ಸ್ಲೀವ್ ಸರಿಸಿ ನೋಡಿದರೆ ಲಗ್ಗಿನ ಕುತ್ತಿಗೆಯಲ್ಲಿ ತಾಮ್ರದ ಎಳೆಗಳು ಹಸಿರುಗಟ್ಟಿ, ಬೆರಳಿಂದ ಎಳೆದರೆ ಹೊರಬರುವಷ್ಟು ಸಡಿಲ. ಲಗ್ಗನ್ನು ಸುತ್ತಿಗೆಯಿಂದ ಬಡಿದು ತಂತಿಗೆ ಬಿಗಿದಿದ್ದರು (ಕ್ರಿಂಪ್). 80,000ದ ಪ್ಯಾಕನ್ನು ನಿಲ್ಲಿಸಿದ್ದು 40 ರೂಪಾಯಿಯ ಲಗ್.

ಹೈಡ್ರಾಲಿಕ್ ಕ್ರಿಂಪರ್ ತರಿಸಿದೆ, ಎರಡೂ ಪ್ಯಾಕಿಗೆ ಸಮ ಉದ್ದದ ತಂತಿ ಕತ್ತರಿಸಿದೆ. ಭಾರ ಸಮವಾಗಿ ಹಂಚಲಿ ಎಂದು ಇನ್ವರ್ಟರಿನ ಪಾಸಿಟಿವನ್ನು ಒಂದು ಪ್ಯಾಕಿನಿಂದ, ನೆಗೆಟಿವನ್ನು ಇನ್ನೊಂದರಿಂದ ತೆಗೆದೆ. ಮತ್ತೆ ಅಳೆದರೆ 31, 29 ಆಂಪ್.

ಇದರ ನಡುವೆ ಒಂದು ಪ್ರಯೋಗ. ಬಟ್ಟೆ ಕಪಾಟಿಗೆ ಬೂಷ್ಟು ಹಿಡಿಯದಂತೆ ನಾವು ಬಲ್ಬ್ ಇಡುತ್ತೇವಲ್ಲ, ಹಾಗೆಯೇ ಬ್ಯಾಟರಿ ಗೂಡಿನಲ್ಲಿ 15 ವ್ಯಾಟ್‌ನದೊಂದು ಇಟ್ಟೆ. ಮೂರು ದಿನಕ್ಕೆ ಒಂದು ಯೂನಿಟ್ ತಿನ್ನುತ್ತದೆ. ಆದರೆ ಬ್ಯಾಟರಿಯ ಮಾಹಿತಿ ಒಯ್ಯುವ ಕಮ್ಯುನಿಕೇಶನ್ ಕೇಬಲ್ಲಿನ ಪಿನ್‌ಗಳು ಆಮೇಲೆ ಹಸಿರಾಗಲಿಲ್ಲ, ಅದರಿಂದ ಬರುತ್ತಿದ್ದ ಅಲಾರಂ ಕೂಡ ನಿಂತಿತು.

ಅಕ್ಟೋಬರಿನಲ್ಲಿ ಬಿಸಿಲು ಬಂದಾಗ ಮೂರನೆಯದು, ಎಲ್ಲಕ್ಕಿಂತ ಹೆಚ್ಚು ಕಾಡಿದ್ದು. ತುಂಬುವ ಹೊತ್ತಿಗೆ ಇನ್ವರ್ಟರ್ 'ಬ್ಯಾಟರಿ ವೋಲ್ಟೇಜ್ ಹೆಚ್ಚು' ಎಂದು ಕೂಗಿ ನಿಲ್ಲುತ್ತಿತ್ತು. ಮೊಬೈಲಿನಲ್ಲಿ ಸೆಲ್‌ಗಳನ್ನು ನೋಡಿದರೆ ಹಳೆಯ ಪ್ಯಾಕಿನ 11ನೆಯದು 3.65 ವೋಲ್ಟಿಗೆ ಹಾರಿದೆ, ಉಳಿದವು 3.40ರಲ್ಲೇ ಇವೆ. ಆ ಪ್ಯಾಕ್ ಚಾರ್ಜ್ ನಿಲ್ಲಿಸಿದರೆ 60 ಆಂಪ್ ಅಷ್ಟೂ ಹೊಸದಕ್ಕೆ ನುಗ್ಗುತ್ತದೆ, ಅದೂ ಬಾಗಿಲು ಹಾಕುತ್ತದೆ. ಎಲ್ಲರೂ ಹಳೆಯದು ಸತ್ತಿದೆ ಎಂದರು. ಸತ್ತಿರಲಿಲ್ಲ. ನಮ್ಮ ಮಳೆಗಾಲದಲ್ಲಿ ಪ್ಯಾನೆಲ್‌ಗಳಿಂದ ಬ್ಯಾಟರಿ ನಾಲ್ಕು ತಿಂಗಳು ಒಮ್ಮೆಯೂ ಪೂರ್ತಿ ತುಂಬುವುದಿಲ್ಲ. ತುಂಬದಿದ್ದರೆ ಬಿಎಂಎಸ್ ಸೆಲ್‌ಗಳನ್ನು ಸಮ ಮಾಡುವುದೇ ಇಲ್ಲ, ಚಾರ್ಜ್ ಎಷ್ಟಿದೆ ಎನ್ನುವ ಶೇಕಡಾ ಲೆಕ್ಕವೂ ದಾರಿ ತಪ್ಪುತ್ತದೆ. ಬಯಲುಸೀಮೆಯವರ ಸೆಟ್ಟಿಂಗ್ ಇಲ್ಲಿಗೆ ಒಗ್ಗದಿರುವುದು ಈ ಕಾರಣಕ್ಕೆ.

ಇನ್ವರ್ಟರಿನ ಚಾರ್ಜ್ ವೋಲ್ಟೇಜನ್ನು 56.8ರಿಂದ 55.2ಕ್ಕೆ ಇಳಿಸಿ, ಕರೆಂಟನ್ನು 20 ಆಂಪ್‌ಗೆ ಕಟ್ಟಿ, ದಿನವೂ ಐದಾರು ಗಂಟೆ ಅಲ್ಲೇ ಹಿಡಿದೆ. ಹೆಚ್ಚು ತುಂಬಿದ ಸೆಲ್‌ನಿಂದ ಬಿಎಂಎಸ್ ಇಳಿಸುವುದು ಬರೀ 60 ಮಿಲಿಆಂಪ್‌ನಷ್ಟು, ಅವಸರ ಮಾಡಿ ಫಲವಿಲ್ಲ. ಹನ್ನೆರಡು ದಿನಕ್ಕೆ ಸೆಲ್‌ಗಳ ನಡುವಿನ ವ್ಯತ್ಯಾಸ 20 ಮಿಲಿವೋಲ್ಟಿಗೆ ಬಂತು. ಕೊನೆಯ ಸ್ವಲ್ಪಕ್ಕೆ ನಾನು ಕೈಯಿಂದ ಮಾಡಿದ ಕೆಲಸವನ್ನು ಇಲ್ಲಿ ಬರೆಯುವುದಿಲ್ಲ. ಮುಚ್ಚಳ ತೆಗೆದು ಮಾಡುವಂಥದ್ದು, ಕೈ ತಪ್ಪಿದರೆ ಸ್ಪ್ಯಾನರ್ ಕರಗುತ್ತದೆ. ಮನೆಗೆ ಬಂದರೆ ಎದುರಿಗೇ ತೋರಿಸುತ್ತೇನೆ.

ಈಗ ಮಳೆಗಾಲದಲ್ಲಿ ಹತ್ತು ದಿನಕ್ಕೊಮ್ಮೆ, ಲೈನ್ ಇದ್ದರೆ ಲೈನಿನಿಂದ, ಇಲ್ಲದಿದ್ದರೆ ಸಣ್ಣ ಜನರೇಟರಿನಿಂದ ಎರಡನ್ನೂ ತುದಿಯವರೆಗೆ ತುಂಬಿಸುತ್ತೇನೆ. ಪೆಟ್ರೋಲಿಗೆ ತಿಂಗಳಿಗೆ 1,000 ರೂಪಾಯಿ ಹೋಗಬಹುದು. ಮೂರನೆಯ ಪ್ಯಾಕ್ ಕಳೆದ ವಾರ ಬಂತು. ಪಕ್ಕದ ಕೋಣೆಯಲ್ಲಿ ಒಂಟಿಯಾಗಿ ಚಾರ್ಜ್ ಆಗುತ್ತಿದೆ, ಬೆಳಿಗ್ಗೆ 54.9 ಇತ್ತು, ಈಗ 55.1.